ಚಿನ್ನ ಹೋದ ಮೇಲೆ ಉಳಿದ ಸೊತ್ತು



ಸ್ಮಾರಕ ಎಂದೊಡನೆ ನಮಗೆ ಗುಡಿ, ಕೋಟೆ, ವೀರಗಲ್ಲು ನೆನಪಾಗುತ್ತವೆ. ಹೊಗೆ ಕೊಳವೆ, ಪಂಪ್‌ಹೌಸು, ಗಣಿಯ ಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರ ನೆನಪಾಗುವುದಿಲ್ಲ. ಅವುಗಳ ಕೆಲಸ ಮುಗಿದ ಮರುದಿನವೇ ಅವನ್ನು ಗುಜರಿಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಪುರಾತನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ಸ್ಮಾರಕಕ್ಕೆ ಕನಿಷ್ಠ 100 ವರ್ಷದ ವಯಸ್ಸು ಕೇಳುತ್ತದೆ. ಕಲ್ಲಿನ ಗುಡಿ ಅಷ್ಟು ಕಾಲ ಹೇಗೋ ಕಾದೀತು. ಕಾವಲಿಲ್ಲದ ಕಟ್ಟಡದೊಳಗೆ ತಾಮ್ರದ ಸುರುಳಿ ಸುತ್ತಿದ ಮೋಟಾರು ಎಷ್ಟು ದಿನ ಉಳಿದೀತು ಎಂಬುದನ್ನು ಯಾವ ಊರಿನ ಗುಜರಿ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ.

ಇವತ್ತು ನಾನು ಕೋಲಾರ ಚಿನ್ನದ ಗಣಿಯನ್ನು, ಅಂದರೆ ಕೆಜಿಎಫ್ ಅನ್ನು, ಮುಂದಿಟ್ಟುಕೊಂಡು ಮಾತಾಡುತ್ತೇನೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಗಣಿಗಳ ಬಾಗಿಲು ಹಾಕಿತು. ಅಂದಿನಿಂದ ಆ ಊರಿನ ಬಗ್ಗೆ ಬರುವ ಬರಹಗಳಿಗೆಲ್ಲ ಒಂದೇ ಧಾಟಿ. ಹಿಂದೆ ಅದು ಲಿಟಲ್ ಇಂಗ್ಲೆಂಡ್ ಆಗಿತ್ತು, ಕ್ಲಬ್ಬಿತ್ತು, ಗಾಲ್ಫ್ ಮೈದಾನವಿತ್ತು, ಬಂಗಲೆಗಳ ಮುಂದೆ ಗುಲಾಬಿ ಇತ್ತು, ಈಗ ಏನೂ ಇಲ್ಲ. ಈ ಪರಿತಾಪದಲ್ಲಿ ನನಗೆ ಪಾಲು ಬೇಡ. ಬಂಗಲೆಗಳನ್ನು ಉಳಿಸಿಕೊಳ್ಳೋಣ, ಬೇಡವೆನ್ನುವುದಿಲ್ಲ. ಆದರೆ ಕೆಜಿಎಫ್‌ನ ಪರಂಪರೆ ಎಂದರೆ ಶಿವನಸಮುದ್ರದ ನೀರಿನಿಂದ ಹಿಡಿದು ಗಣಿ ಕೂಲಿಗಳ ಸಾಲುಮನೆಗಳಾದ ಲೈನಿನ ತಟ್ಟಿ ಮನೆಯವರೆಗೆ ಹಬ್ಬಿಕೊಂಡಿರುವ ಒಂದು ಇಡೀ ಏರ್ಪಾಡು. ಅದನ್ನು ಕಾಪಾಡುವ ಕೆಲಸ ಬಂಗಲೆಯ ಕಡೆಯಿಂದ ಅಲ್ಲ, ಲೈನಿನ ಕಡೆಯಿಂದ ಶುರುವಾಗಬೇಕು. ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಕಂಪನಿಯವರು ಬಂದು ಚಿನ್ನ ಕಂಡುಹಿಡಿದರು ಎಂಬ ಮಾತನ್ನು ಮೊದಲು ಪಕ್ಕಕ್ಕಿಡಬೇಕು. 1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಚಿನ್ನ ತೋರಿಸಿಕೊಟ್ಟವರು ಊರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು. ಅವರು ಮಣ್ಣನ್ನು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಹಳೆಯ ಗುಂಡಿಗಳೊಳಕ್ಕೆ ಇಳಿದು ಕಲ್ಲು ತಂದು ಕುಟ್ಟುತ್ತಿದ್ದರು. ವಾರನ್‌ನ ವರದಿ ಏಳು ದಶಕ ಕಪಾಟಿನಲ್ಲಿತ್ತು. ಅದನ್ನು ಓದಿದವನು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಶ್ ಸೈನಿಕ ಮೈಕೆಲ್ ಲವೆಲ್. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರಿನದು. ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಗಾರಿಕೆಯ ಹಕ್ಕು ಪಡೆದ. ಕೈಯಲ್ಲಿ ಹಣವಿಲ್ಲದೆ ಅದನ್ನು ಬೇರೆಯವರಿಗೆ ದಾಟಿಸಿದ. ಕೊನೆಗೆ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಅವರಿಗೂ ಮೊದಲು ನಷ್ಟವೇ. ಇದ್ದ ದುಡ್ಡೆಲ್ಲ ಕರಗಿ, ಇನ್ನೇನು ಗಂಟುಮೂಟೆ ಕಟ್ಟಬೇಕು ಎನ್ನುವಷ್ಟರಲ್ಲಿ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿಗಾರ ಹಳಬರ ಗುಂಡಿಗಳನ್ನೇ ಹಿಡಿದು ಕೆಳಗಿಳಿದು ಚಾಂಪಿಯನ್ ರೀಫ್ ಎಂಬ ಸಿರೆಯನ್ನು ಮುಟ್ಟಿದ. ಹೆಸರಿಲ್ಲದ ಆ ಹಳಬರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಕಂಪನಿಯ ಭಾಗ್ಯ ಶುರುವಾಯಿತು.

ಆಮೇಲಿನದು ಗೊತ್ತಿರುವ ಕತೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂಬ ಗಣಿಗಳು ಸಾಲಾಗಿ ಎದ್ದವು. ಈಗ ಬಂಗಾರಪೇಟೆ ಎನ್ನುವ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ರೈಲು ಬಂತು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಇನ್ನು ವಿದ್ಯುತ್ತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಲು ಅಪ್ಪಣೆ ಕೊಡಿ, ಏಕೆಂದರೆ ಈ ಏರ್ಪಾಡಿನ ಉದ್ದ ಎಷ್ಟು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಗಣಿ ಆಳಕ್ಕೆ ಹೋದಷ್ಟೂ ಅದಿರು ಎತ್ತಲು, ನೀರು ಹೊರಹಾಕಲು, ಗಾಳಿ ಊದಲು ಹೆಚ್ಚು ಶಕ್ತಿ ಬೇಕು. ಉಗಿ ಯಂತ್ರಕ್ಕೆ ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ಬೆಲೆ ದುಬಾರಿ. ಅತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಈ ಎರಡನ್ನೂ ಜೋಡಿಸುವ ಯೋಜನೆಗೆ ಕೈಹಾಕಿದರು. ಅದರ ಹೊಣೆ ಹೊತ್ತವರು ಕೆನಡಾ ಮೂಲದ ಎಂಜಿನಿಯರ್ ಜಾಲಿ ದ ಲೋತ್ಬಿನಿಯೇರ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಜನರೇಟರುಗಳನ್ನು ಒದಗಿಸಿತು, ಜೂರಿಚ್ಚಿನ ಎಷರ್ ವಿಸ್ ಟರ್ಬೈನುಗಳನ್ನು ಕೊಟ್ಟಿತು. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್, ತಂತಿಯ ಮೇಲೆ ನಡೆದು ಗಣಿಯ ಯಂತ್ರವನ್ನು ತಿರುಗಿಸಿತು. ಅಯ್ಯರ್ ಅದನ್ನು ಕಣ್ಣಾರೆ ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ವೇದಿಕೆಗಳಲ್ಲಿ ಇದನ್ನು ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ತು ಎನ್ನುವುದು ರೂಢಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ 1897ರಲ್ಲೇ ಕೆಲಸ ಮಾಡುತ್ತಿತ್ತು. ಜಪಾನಿನ ಕ್ಯೋಟೋದಲ್ಲಿ ಕೆಆಗೆ ವಿದ್ಯುದಾಗಾರ 1891ರದು. ಮೊದಲು ಎಂಬ ಪಟ್ಟ ಇಲ್ಲದಿದ್ದರೆ ಪರಂಪರೆಯೇ ಅಲ್ಲ ಎಂದು ನಮಗೇಕೆ ಅನ್ನಿಸುತ್ತದೆಯೋ ತಿಳಿಯದು. ಶಿವನಸಮುದ್ರದ ಹೆಚ್ಚುಗಾರಿಕೆ ಇರುವುದು ದೂರದಲ್ಲಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಇನ್ನೊಂದು ಹೆಚ್ಚುಗಾರಿಕೆ, ಅದು ಹಿಂದೆ ಬಿಟ್ಟುಹೋದ ಜಾಡು. ಗಣಿಗೆಂದು ಬಂದ ವಿದ್ಯುತ್ತಿನಿಂದಲೇ 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಗೆ ಕರೆಂಟು ಕಡಿಮೆಯಾಗಬಾರದು ಎಂಬ ಲೆಕ್ಕಾಚಾರ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಹಿಂದಿನ ಬಲವಾದ ಕಾರಣಗಳಲ್ಲಿ ಒಂದು. ಮಂಡ್ಯದ ಗದ್ದೆಗೆ ಹರಿಯುವ ನಾಲೆಯ ನೀರಿಗೂ ಚಾಂಪಿಯನ್ ರೀಫಿನ ಗುಂಡಿಗೂ ಹೀಗೆ ನಂಟಿದೆ. ನಾವು ಕೃಷ್ಣರಾಜಸಾಗರವನ್ನು ಒಂದು ಇಲಾಖೆಗೆ, ಶಿವನಸಮುದ್ರವನ್ನು ಇನ್ನೊಂದು ನಿಗಮಕ್ಕೆ, ಗಣಿಯನ್ನು ದಿಲ್ಲಿಯ ಒಂದು ಸಚಿವಾಲಯಕ್ಕೆ ಹಂಚಿಕೊಟ್ಟು, ಆ ನಂಟನ್ನು ಯಾರ ಕಡತದಲ್ಲೂ ಇರದಂತೆ ನೋಡಿಕೊಂಡಿದ್ದೇವೆ.

ಈಗ ನೆಲದ ಕೆಳಗೆ ಇಳಿಯೋಣ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಮೇಲಿನಿಂದ ತಣ್ಣಗೆ ಮಾಡಿದ ಗಾಳಿ ಕಳಿಸಿದರೆ ಮಾತ್ರ ಮನುಷ್ಯ ಅಲ್ಲಿ ನಿಲ್ಲಬಹುದು. ಬಿಸಿಗಿಂತ ದೊಡ್ಡ ಭಯ ಬಂಡೆಯದು. ಸುತ್ತಲಿನ ಕಲ್ಲು ಕಿತ್ತು ತೆಗೆದ ಮೇಲೆ ಉಳಿದ ಕಲ್ಲಿನ ಮೇಲೆ ಭಾರ ಏರಿ, ಒಂದು ಕ್ಷಣದಲ್ಲಿ ಅದು ಸಿಡಿಯುತ್ತದೆ. ರಾಕ್‌ಬರ್ಸ್ಟ್ ಎಂಬ ಈ ಇಂಗ್ಲಿಷ್ ಪದ ಅಲ್ಲಿನ ಮನೆಮನೆಯ ಮಾತಾಗಿತ್ತು. ನೆಲ ಅದುರಿದರೆ ಮೇಲೆ ಪಾತ್ರೆ ಅಲುಗಾಡುತ್ತದೆ, ಹೆಂಗಸರು ಶಾಫ್ಟಿನ ಕಡೆ ಓಡುತ್ತಾರೆ. ಈ ಸಿಡಿತವನ್ನು ಅಳೆಯಲು, ಮುಂದಾಗಿ ಊಹಿಸಲು ನಡೆದ ಕೆಲಸ ಒಂದು ವಿಜ್ಞಾನವೇ ಆಗಿ ಬೆಳೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಹುಟ್ಟಿತು. ಸತ್ತವರ ಲೆಕ್ಕದ ಮೇಲೆ ಕಟ್ಟಿದ ವಿಜ್ಞಾನ ಅದು ಎಂಬುದನ್ನು ಮರೆಯಬಾರದು.

ಅದೇ ಆಳದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸುಮಾರು 7,600 ಅಡಿ ಆಳದಲ್ಲಿ ಉಪಕರಣ ಇಟ್ಟು ಕಾದರು. ಮೇಲಿನ ಬಂಡೆ ಉಳಿದ ಕಣಗಳನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ, ನ್ಯೂಟ್ರಿನೋ ಸಲೀಸಾಗಿ ತೂರಿ ಬರುತ್ತದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಂಡ ಸುದ್ದಿ 1965ರಲ್ಲಿ ಅಲ್ಲಿಂದ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಕಾಯುತ್ತಿದ್ದ ತಂಡಕ್ಕಿಂತ ತುಸು ಮುಂಚೆ. ಪಂಪು ನಿಂತ ಮೇಲೆ ಆ ಜಾಗವೂ ನೀರಲ್ಲಿ ಮುಳುಗಿತು. ಜಗತ್ತಿನ ಭೌತಶಾಸ್ತ್ರದ ಚರಿತ್ರೆಯಲ್ಲಿ ಹೆಸರಿರುವ ತಾಣವೊಂದು ಕೋಲಾರ ಜಿಲ್ಲೆಯಲ್ಲಿದೆ ಎಂಬುದು ನಮ್ಮ ಹೈಸ್ಕೂಲು ಮಕ್ಕಳಿಗೆ ಗೊತ್ತಿರಬೇಕಾದ ವಿಷಯ.

ನಾನು ಬರಬೇಕೆಂದಿದ್ದದ್ದು ಲೈನಿಗೆ. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಬಂದರು. ಕಲ್ಲು ಒಡೆದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತರು. ಬರ, ಜೀತ, ಊರಗೌಡನ ದರ್ಪ ಇವುಗಳಿಂದ ತಪ್ಪಿಸಿಕೊಂಡು ಮೇಸ್ತ್ರಿಯ ಹಿಂದೆ ಬಂದವರು. ಅವರಿಗೆ ಕಂಪನಿ ಕೊಟ್ಟದ್ದು ತಟ್ಟಿ ಮನೆ. ಬಿದಿರು ಸೀಳಿ ಹೆಣೆದ ತಟ್ಟಿಯೇ ಗೋಡೆ, ತಲೆ ಮೇಲೆ ತಗಡು, ಒಳಗೆ ಒಂದೇ ಕೋಣೆ. ಒಬ್ಬ ಹಗಲು ಪಾಳಿಗೆ ಹೋದರೆ ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ಬಂದು ಮಲಗುತ್ತಾನೆ, ಮಕ್ಕಳು ಹೊರಗೆ. ಪಕ್ಕದ ಮನೆಯ ಕೆಮ್ಮು ತಟ್ಟಿಯಾಚೆ ಕೇಳುತ್ತದೆ, ಆ ಕೆಮ್ಮು ಬೀಡಿಯದೋ ಕಲ್ಲುಧೂಳು ಹಿಡಿದ ಶ್ವಾಸಕೋಶದ್ದೋ ಎಂದು ಕೇಳಿಯೇ ಹೇಳುವವರಿದ್ದರು. ಸಿಲಿಕೋಸಿಸ್ ಎಂಬ ಹೆಸರು ಆಸ್ಪತ್ರೆಯ ಕಾಗದದಲ್ಲಿ ಬರುವ ಮೊದಲೇ ಲೈನಿಗೆ ಆ ರೋಗದ ಪರಿಚಯವಿತ್ತು.

ಈ ಲೈನುಗಳನ್ನು ಬರೀ ದೈನ್ಯದ ತಾಣ ಎಂದುಕೊಂಡರೆ ತಪ್ಪಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಅವರು ಹುಟ್ಟುಹಾಕಿದ ‘ತಮಿಳನ್’ ಪತ್ರಿಕೆಯನ್ನು 1926ರಿಂದ ಜಿ. ಅಪ್ಪಾದುರೈ ಚಾಂಪಿಯನ್ ರೀಫಿನಿಂದ ಮತ್ತೆ ಹೊರಡಿಸಿದರು. ಗಣಿ ಕೂಲಿಗಳ ಬೀದಿಯಲ್ಲಿ ಪತ್ರಿಕೆ, ಬುದ್ಧ ಮಂದಿರ, ರಾತ್ರಿಶಾಲೆ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1954ರಲ್ಲಿ, ಅವರು ಕೆಜಿಎಫ್‌ಗೆ ಬಂದಾಗ ಅವರನ್ನು ಎದುರುಗೊಂಡವರಿಗೆ ಬುದ್ಧ ಹೊಸಬನಾಗಿರಲಿಲ್ಲ. 1930ರಲ್ಲಿ ಕಂಪನಿಗಳು ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಇಡೀ ಗಣಿ ಕೆಲಸ ನಿಲ್ಲಿಸಿತು. ಅಪರಾಧಿಗಳಿಗೆ ಮಾಡುವುದನ್ನು ನಮಗೆ ಮಾಡುತ್ತೀರಾ ಎಂಬುದು ಅವರ ಸಿಟ್ಟು. ಇಂದು ಬೆರಳೊತ್ತಿ ಪಡಿತರ ತರುವ ನಾವು ಆ ಮುಷ್ಕರವನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಇದೆಲ್ಲ ತಮಿಳಿನಲ್ಲಿ ನಡೆಯಿತು, ಕಂಪನಿಯ ಕಾಗದಪತ್ರ ಇಂಗ್ಲಿಷಿನಲ್ಲಿ ಉಳಿಯಿತು. ಕನ್ನಡದ ಸಂಶೋಧನೆ ನಡುವೆ ಎಲ್ಲೋ ಕೈಚೆಲ್ಲಿತು. ಶಾಸನ, ತಾಳೆಗರಿ, ಜನಪದ ಕಾವ್ಯ ಇವುಗಳಲ್ಲಿ ನಮ್ಮ ಪಂಡಿತರು ತೋರಿಸಿದ ಶ್ರದ್ಧೆಯ ಕಾಲುಪಾಲು ಈ ಗಣಿಯ ಮೇಲೆ ಬಿದ್ದಿದ್ದರೂ ನಮ್ಮಲ್ಲಿ ಒಂದು ಕಪಾಟು ತುಂಬ ಪುಸ್ತಕ ಇರುತ್ತಿತ್ತು. ಅವರು ನಮ್ಮವರಲ್ಲ ಎಂಬ ಒಳಮಾತು ಇದರ ಹಿಂದೆ ಇದೆ ಎಂದೇ ನನ್ನ ಗುಮಾನಿ. ಸಂಸ್ಥಾನದ ಬೊಕ್ಕಸಕ್ಕೆ ಅವರ ಚಿನ್ನದ ರಾಜಧನ ಬಂದಾಗ ಈ ಮಾತು ಬಂದಿರಲಿಲ್ಲ.

ಇನ್ನು ಗಣಿಯ ಮಣ್ಣಿನ ಗುಡ್ಡಗಳು. ಕೆಜಿಎಫ್ ನೋಡಿದವರೆಲ್ಲ ಮೊದಲು ನೋಡುವುದು ಅವನ್ನೇ, ಚಲನಚಿತ್ರದವರೂ ಅಲ್ಲಿಗೇ ಹೋಗುತ್ತಾರೆ. ಅವು ಹೇಗೆ ಆದವು ಎಂಬುದು ತಿಳಿದಿರಲಿ. ಗಣಿಯಿಂದ ಬಂದ ಕಲ್ಲನ್ನು ಉಕ್ಕಿನ ಒನಕೆಗಳ ಕೆಳಗೆ ಹಾಕಿ, ನೀರಿನ ಜೊತೆ ಕುಟ್ಟಿ, ಮೈದಾದಷ್ಟು ನುಣ್ಣಗೆ ಮಾಡುತ್ತಾರೆ. ಆ ಕೆಸರು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಯುತ್ತದೆ. ದಪ್ಪ ಚಿನ್ನವನ್ನು ಪಾದರಸ ಹಿಡಿದುಕೊಳ್ಳುತ್ತದೆ, ತಪ್ಪಿಸಿಕೊಂಡ ಸಣ್ಣ ಚಿನ್ನವನ್ನು ತೊಟ್ಟಿಗಳಲ್ಲಿ ಸೈನೈಡ್ ದ್ರಾವಣ ಕರಗಿಸಿಕೊಳ್ಳುತ್ತದೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದುಬಣ್ಣದ ನುಣುಪು ಮಣ್ಣನ್ನು ಹೊರಗೆ ಸುರಿದರು. ಸುರಿಯುತ್ತಲೇ ಹೋದರು. ಮೊದಮೊದಲು ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು, ಅಂದರೆ ಚಿನ್ನ ಕಡಿಮೆಯಾದಷ್ಟೂ ಗುಡ್ಡ ಬೇಗ ಬೆಳೆಯಿತು. ಆಷಾಢದ ಗಾಳಿಗೆ ಆ ಪುಡಿ ಎದ್ದು ಲೈನುಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಅನ್ನದ ಪಾತ್ರೆಯ ಮೇಲೆ ಕೂರುತ್ತದೆ.

ಈಗ ಆ ಗುಡ್ಡಗಳಿಗೆ ಬೆಲೆ ಬಂದಿದೆ. ಚಿನ್ನದ ದರ ಏರಿದ ಕಾರಣ ಅಂದು ಬಿಟ್ಟುಹೋದ ಚೂರುಪಾರೂ ಲಾಭವಾಗಿ ಕಾಣುತ್ತಿದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಹರಡಿರುವ 13 ಗುಡ್ಡಗಳ ಸುಮಾರು 3.3 ಕೋಟಿ ಟನ್ ಮಣ್ಣನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪರಂಪರೆಯ ಪರವಾಗಿ ಮಾತಾಡುವವನು ಇದನ್ನು ವಿರೋಧಿಸಬೇಕು ಎಂದು ನೀವು ನಿರೀಕ್ಷಿಸಬಹುದು. ನಾನು ವಿರೋಧಿಸುವುದಿಲ್ಲ. ಮಗುವಿನ ಎದೆಗೆ ಇಳಿಯುವ ಧೂಳನ್ನು ಸ್ಮಾರಕ ಎಂದು ಕರೆದು ಕಾಪಾಡಿ ಎನ್ನಲು ನನಗೆ ಬಾಯಿ ಬಾರದು. ಗುಡ್ಡ ಹೋಗಲಿ. ಹೋಗುವ ಮೊದಲು ಅದರ ಪೂರ್ಣ ಅಳತೆ, ನಕ್ಷೆ, ಚಿತ್ರ, ಪದರಪದರದ ಮಣ್ಣಿನ ಮಾದರಿ ತೆಗೆದಿಡಬೇಕು. ಯಾವ ಪದರ ಯಾವ ಕಾಲದ್ದು ಎಂದು ತಿಳಿದರೆ ನೂರು ವರ್ಷದ ತಂತ್ರಜ್ಞಾನದ ಚರಿತ್ರೆ ಅದರಲ್ಲೇ ಇದೆ. ಒಂದೇ ಒಂದು ಗುಡ್ಡವನ್ನು, ಚಿಕ್ಕದಾದರೂ ಸರಿ, ಮೇಲೆ ಮಣ್ಣು ಹೊದಿಸಿ ಹುಲ್ಲು ಹಿಡಿಸಿ ಉಳಿಸಬೇಕು. ಗುತ್ತಿಗೆಯ ಷರತ್ತಿನಲ್ಲಿ ಈ ಎರಡು ಸಾಲು ಸೇರಿಸಲು ಹೆಚ್ಚು ಖರ್ಚಿಲ್ಲ.

ಹೊರಗಿನ ಉದಾಹರಣೆ ಕೊಡುವ ಚಾಳಿ ನನಗೆ ಅಷ್ಟಾಗಿ ಇಲ್ಲ, ಆದರೆ ಇದೊಂದನ್ನು ಹೇಳದಿದ್ದರೆ ಆಗದು. ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಗಣಿ ಪ್ರದೇಶವನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರೊಳಗೆ ಟ್ಯಾವಿಸ್ಟಾಕ್ ಎಂಬ ಊರಿನ ಒಂದು ಕಾಲುವೆ ಇದೆ. ಅದನ್ನು ಕಟ್ಟಿಸಿದ ಎಂಜಿನಿಯರ್ ಜಾನ್ ಟೇಲರ್. ನಮ್ಮಲ್ಲಿಗೆ 1880ರಲ್ಲಿ ಬಂದ ಕಂಪನಿಯ ಮೂಲಪುರುಷ ಅವನೇ. ಅಜ್ಜನ ಕಾಲುವೆ ವಿಶ್ವ ಪರಂಪರೆ, ಅವನ ವಂಶದ ಕಂಪನಿ ತೋಡಿದ ಗಣಿ ನಮ್ಮಲ್ಲಿ ಗುಜರಿ. ಅಲ್ಲಿ ಎಂಜಿನ್ ಮನೆ ಮಾತ್ರವಲ್ಲ, ಗಣಿಗಾರರ ಗುಡಿಸಲು, ಪ್ರಾರ್ಥನಾ ಮಂದಿರ, ಕಸದ ರಾಶಿ ಎಲ್ಲವೂ ಆ ಗಡಿಯೊಳಗೆ ಸೇರಿವೆ. ವೇಲ್ಸ್‌ನ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ 1983ರಲ್ಲಿ ಸಂದರ್ಶಕರಿಗೆ ತೆರೆಯಿತು. ಹಳೆಯ ಗಣಿಗಾರರೇ ಜನರನ್ನು ಕೇಜಿನಲ್ಲಿ ಕೆಳಗೆ ಕರೆದೊಯ್ದು ತೋರಿಸಿದರು. ನಡುವೆ ಹೋದದ್ದು ಮೂರೇ ವರ್ಷ, ಹಾಗಾಗಿ ಕೈಗೂ ಬಾಯಿಗೂ ಕೆಲಸ ಇನ್ನೂ ಮರೆತಿರಲಿಲ್ಲ. ನಮ್ಮಲ್ಲಿ ಕೆಳಗೆ ನೀರು ತುಂಬಿದೆ, ಯಾರನ್ನೂ ಇಳಿಸಲಾಗದು. ಮೇಲೆ ನಿಂತ ಯಂತ್ರದ ಮನೆಗಳನ್ನಾದರೂ ತೋರಿಸಬಹುದು.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಗಣಿಯ ನಕ್ಷೆಗಳು, ಹಾಜರಿ ಪುಸ್ತಕಗಳು, ಬೆರಳಚ್ಚಿನ ನೋಂದಣಿಗಳು, ಅಪಘಾತದ ದಾಖಲೆಗಳು ಮೊದಲು ತೇವವಿಲ್ಲದ ಒಂದು ಕೋಣೆಗೆ ಹೋಗಲಿ. ವಸ್ತುಸಂಗ್ರಹಾಲಯ ಆಮೇಲೆ ಕಟ್ಟಬಹುದು, ಗೆದ್ದಲು ಮಾತ್ರ ಟೆಂಡರು ಕರೆಯುವವರೆಗೆ ಕಾಯುವುದಿಲ್ಲ. ಲೈನು ಮನೆಗಳಲ್ಲಿ ಇಂದಿಗೂ ಗಣಿ ಕುಟುಂಬಗಳೇ ಇವೆ. ಪರಂಪರೆಯ ಹೆಸರಿನಲ್ಲಿ ಅವರನ್ನು ಎಬ್ಬಿಸುವ ಯಾವ ಯೋಜನೆಯನ್ನೂ ಪರಂಪರೆಯ ಯೋಜನೆ ಎಂದು ಒಪ್ಪಬಾರದು. ಹಕ್ಕುಪತ್ರ ಕೈಗೆ ಬಂದವನು ತನ್ನ ಮನೆಯ ತಗಡನ್ನು ತಾನೇ ನೋಡಿಕೊಳ್ಳುತ್ತಾನೆ. ಒಂದು ಸಾಲು ತಟ್ಟಿ ಮನೆಯನ್ನು ಇದ್ದ ಹಾಗೆ ಉಳಿಸಲು ಅಲ್ಲಿನವರನ್ನೇ ಕೇಳಿದರೆ ಯಾವ ಸಾಲು ಎಂದು ಅವರೇ ತೋರಿಸುತ್ತಾರೆ.

ಎಲ್ಲಕ್ಕಿಂತ ಅವಸರದ್ದು ಮನುಷ್ಯರ ನೆನಪು. ವೈಂಡಿಂಗ್ ಎಂಜಿನ್ ನಡೆಸಿದವನಿಗೆ ಗಂಟೆಯ ಯಾವ ಸಂಜ್ಞೆಗೆ ಕೇಜನ್ನು ಎಷ್ಟು ನಿಧಾನವಾಗಿ ಇಳಿಸಬೇಕು ಎಂಬುದು ಗೊತ್ತು, ಮರದ ದಿಮ್ಮಿ ಆನಿಸಿದವನಿಗೆ ಬಂಡೆ ಸಿಡಿಯುವ ಮುಂಚಿನ ಸಣ್ಣ ಸದ್ದು ಗೊತ್ತು. ಇವು ಯಾವ ಕೈಪಿಡಿಯಲ್ಲೂ ಇಲ್ಲ. ಗಣಿ ಮುಚ್ಚಿದಾಗ ನಲವತ್ತು ವರ್ಷದವನಾಗಿದ್ದವನಿಗೆ ಈಗ ಅರವತ್ತು ದಾಟಿದೆ, ಅವನ ಎದೆಯಲ್ಲಿ ಕಲ್ಲುಧೂಳೂ ಇರಬಹುದು. ಅವನ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಹಿಂದಿರುಗುತ್ತಾರೆ, ಅಪ್ಪನನ್ನು ಕೂರಿಸಿಕೊಂಡು ಕೇಳಲು ಅವರಿಗೆ ಹೊತ್ತಿಲ್ಲ. ಈ ದತ್ತಿ ಉಪನ್ಯಾಸವನ್ನು ನಡೆಸುವವರಿಗೆ ನನ್ನದೊಂದು ಸಲಹೆ ಇದೆ. ದತ್ತಿಯ ಮುಂದಿನ ವರ್ಷದ ಬಡ್ಡಿಯಲ್ಲಿ ಉಪನ್ಯಾಸ ಬೇಡ. ತಮಿಳು ಬಲ್ಲ ಇಬ್ಬರು ವಿದ್ಯಾರ್ಥಿಗಳನ್ನು ಒಂದು ಧ್ವನಿಮುದ್ರಣ ಯಂತ್ರದ ಜೊತೆಗೆ ಅದೇ ರೈಲಿನಲ್ಲಿ, ಎದುರು ದಿಕ್ಕಿಗೆ, ಕಳಿಸಿಕೊಡಿ. ಟಿಕೆಟ್ಟಿಗೆ ಹೆಚ್ಚೇನೂ ಆಗುವುದಿಲ್ಲ.